24 ಕೆ.ಜಿ. ಮಗಳು, 6 ಕೆ.ಜಿ. ಬ್ಯಾಗು

ನಿಟ್ಟುವಳ್ಳಿಯಿಂದ ಪತ್ರ ಬರೆದ ತಾಯಿಗೆ ನಮಸ್ಕಾರ.

ನಾಲ್ಕನೇ ಕ್ಲಾಸಿನ ಮಗಳ ಬ್ಯಾಗನ್ನು ಕಿರಾಣಿ ಅಂಗಡಿಯಲ್ಲಿ ತೂಗಿಸಿದರೆ 6 ಕೆ.ಜಿ. 200 ಗ್ರಾಂ ಬಂತು, ಮಗಳೇ ಇರುವುದು 24 ಕೆ.ಜಿ. ಎಂದು ಬರೆದಿದ್ದೀರಿ. ಚಕ್ರದ ಬ್ಯಾಗು ಕೊಡಿಸಲಾ, ಶಾಲೆಗೆ ಹೋಗಿ ಕೇಳಲಾ ಅನ್ನುವುದು ನಿಮ್ಮ ಪ್ರಶ್ನೆ.

ಚಕ್ರದ ಬ್ಯಾಗಿಗೆ ಸುಮ್ನೆ ದುಡ್ಡು ಹಾಕಬೇಡಿ. ಖಾಲಿ ಇದ್ದಾಗಲೇ ಅದು ಮಾಮೂಲಿ ಬ್ಯಾಗಿಗಿಂತ ಭಾರ. ಮೆಟ್ಟಿಲು ಬಂದರೆ ಕೈಯಲ್ಲೇ ಎತ್ತಬೇಕು.

ಶಾಲೆಗೆ ಹೋಗಿ, ಧೈರ್ಯವಾಗಿ ಕೇಳಿ. ನಮ್ಮ ಶಿಕ್ಷಣ ಇಲಾಖೆ 2019ರಲ್ಲೇ ಆದೇಶ ಹೊರಡಿಸಿದೆ, 2023ರಲ್ಲಿ ಮತ್ತೆ ಹೇಳಿದೆ. 3ರಿಂದ 5ನೇ ತರಗತಿಗೆ ಬ್ಯಾಗು 2ರಿಂದ 3 ಕೆ.ಜಿ. ಅಷ್ಟೇ. ಹತ್ತನೇ ಕ್ಲಾಸಿನವರಿಗೂ 5 ಕೆ.ಜಿ. ದಾಟುವ ಹಾಗಿಲ್ಲ. ನಿಮ್ಮ ಮಗಳು ಅವರಿಗಿಂತ ಜಾಸ್ತಿ ಹೊರುತ್ತಿದ್ದಾಳೆ! ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಮಗುವಿನ ತೂಕದ ಹತ್ತರಲ್ಲೊಂದು ಪಾಲು ಅನ್ನುತ್ತದೆ. ಆ ಲೆಕ್ಕಕ್ಕೆ 2 ಕೆ.ಜಿ. 400 ಗ್ರಾಂ.

ಆದೇಶಗಳಿಗೇನೂ ಬರ ಇಲ್ಲ ಬಿಡಿ. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲೇ ರಾಜ್ಯಸಭೆಯಲ್ಲಿ ಬ್ಯಾಗಿನ ಭಾರದ ಬಗ್ಗೆ ಮಾತಾಡಿದ್ದರು. 1993ರಲ್ಲಿ ಕೇಂದ್ರ ನೇಮಿಸಿದ್ದ ಯಶಪಾಲ್ ಸಮಿತಿ ಇದರ ಮೇಲೆ ವರದಿಯನ್ನೂ ಕೊಟ್ಟಿತು. ಆಗ ಬ್ಯಾಗು ಹೊತ್ತ ಮಕ್ಕಳು ಈಗ ತಮ್ಮ ಮಕ್ಕಳ ಬ್ಯಾಗನ್ನು ಆಟೋಗೆ ನೇತುಹಾಕುತ್ತಿದ್ದಾರೆ.

ನಿಮ್ಮ ಪತ್ರ ಓದಿದ ರಾತ್ರಿ, ಐದನೇ ಕ್ಲಾಸಿನ ಮೊಮ್ಮಗನ ಬ್ಯಾಗನ್ನು ಚಾಪೆ ಮೇಲೆ ಸುರಿದೆ. ನಮ್ಮೂರ ಮಂಡಕ್ಕಿ ಭಟ್ಟಿಗಳ ಕಡೆ ಆಳೆತ್ತರದ ಚೀಲ ನೋಡಿದ್ದೀರಲ್ಲ, ಕಣ್ಣಿಗೆ ದೊಡ್ಡದು, ಎತ್ತಿದರೆ ಹಗುರ. ಇದು ಅದರ ಉಲ್ಟಾ. ಆರು ಪಠ್ಯಪುಸ್ತಕ. ಒಂದೊಂದು ವಿಷಯಕ್ಕೂ ಕ್ಲಾಸ್‌ವರ್ಕ್, ಹೋಮ್‌ವರ್ಕ್ ಅಂತ ಎರಡೆರಡು ನೋಟ್‌ಬುಕ್ಕು, ಎಲ್ಲಾ 200 ಪುಟದ್ದು. ಡೈರಿ, ಡ್ರಾಯಿಂಗ್ ಬುಕ್ಕು, ಸ್ಟೀಲ್ ಡಬ್ಬಿ. ಲೀಟರ್ ಬಾಟಲಿ, ಅಂದರೆ ನೀರೇ ಒಂದು ಕೆ.ಜಿ. ತಳದಲ್ಲಿ ಹೋದ ವರ್ಷದ ಕನ್ನಡ ಪುಸ್ತಕ!

"ಇದ್ಯಾಕೋ?" ಅಂದೆ.

"ಮಿಸ್ ಕೇಳಿದ್ರೆ ಇರ್ಲಿ ಅಂತ, ಅಜ್ಜ."

ಮಾರನೇ ದಿನದ ಟೈಮ್‌ಟೇಬಲ್‌ನಲ್ಲಿ ಇದ್ದದ್ದು ನಾಲ್ಕೇ ವಿಷಯ. ಬೈಸಿಕೊಳ್ಳುವ ಹೆದರಿಕೆಗೆ ಉಳಿದದ್ದನ್ನೂ ತುಂಬಿದ್ದ. ಇದರಲ್ಲಿ ಶಾಲೆಯದ್ದಷ್ಟೇ ಅಲ್ಲ, ನಮ್ಮ ತಪ್ಪೂ ಇದೆ. ಒಂದು ದಿನವೂ ನಾವು ಬ್ಯಾಗು ಬಿಚ್ಚಿ ನೋಡಿರಲಿಲ್ಲ.

ಹಾಗಾಗಿ ಹೆಡ್‌ಮಾಸ್ಟರ್ ಹತ್ತಿರ "ಭಾರ ಜಾಸ್ತಿ ಸಾರ್" ಎಂದಷ್ಟೇ ಹೇಳಿ ಬರಬೇಡಿ. "ನೋಡೋಣಮ್ಮ" ಅಂತಾರೆ, ಮುಗೀತು. ಆ ದಿನದ ಟೈಮ್‌ಟೇಬಲ್ ಬಿಟ್ಟು ಬೇರೆ ಪುಸ್ತಕ ಕೇಳಬಾರದು ಅನ್ನಿ. ಒಂದು ವಿಷಯಕ್ಕೆ 100 ಪುಟದ ಒಂದೇ ನೋಟ್‌ಬುಕ್ ಸಾಲದಾ ಎಂದು ಕೇಳಿ. ಶಾಲೆಯಲ್ಲೇ ಒಳ್ಳೆಯ ನೀರು ಸಿಗುವುದಾದರೆ ಬಾಟಲಿಯನ್ನು ಖಾಲಿ ಕಳಿಸಬಹುದು. ಒಬ್ಬರೇ ಹೋಗಬೇಡಿ, ಅದೇ ಆಟೋದಲ್ಲಿ ಬರುವ ಮಕ್ಕಳ ತಾಯಂದಿರನ್ನೂ ಕರೆದುಕೊಂಡು ಹೋಗಿ. ಕಿರಾಣಿ ಅಂಗಡಿಯ ತೂಕದ ಚೀಟಿ ಕೈಯಲ್ಲಿರಲಿ.

ಮೊಮ್ಮಗನ ಬ್ಯಾಗು ಈಗ 3 ಕೆ.ಜಿ.ಗೆ ಸ್ವಲ್ಪ ಮೇಲಿದೆ. ಸ್ಟೀಲ್ ಡಬ್ಬಿ ಬಿಡಲು ಅವರಜ್ಜಿ ಇನ್ನೂ ಒಪ್ಪಿಲ್ಲ.

— ಸಂಪಾದಕ