ಇಬ್ಬರ ದುಡ್ಡೂ ತಗೊಳ್ಳಿ, ವೇದಿಕೆ ಮಾತ್ರ ಮಾರಬೇಡಿ

ನಿಮ್ಮ ಪ್ರಶ್ನೆ ನೋಡಿದೆ ಸರ್. ಕಾಲೇಜಿನಲ್ಲಿ ಒಂದು ದಿನದ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ, ಬದಲಿಸಿ, ಹಂಚಬಹುದಾದ ಸಾಫ್ಟ್‌ವೇರ್) ಕಾರ್ಯಕ್ರಮ, ಸುಮಾರು 150 ಜನ. ಎರಡು ಹೋಸ್ಟಿಂಗ್ ಕಂಪನಿಗಳು, ಅಂದರೆ ವೆಬ್‌ಸೈಟ್ ಇಡಲು ಸರ್ವರ್ ಜಾಗ ಬಾಡಿಗೆಗೆ ಕೊಡುವವರು, ಸ್ಪಾನ್ಸರ್ ಆಗಲು ಬಂದಿವೆ. ಅದರಲ್ಲಿ ಒಂದು ಕಂಪನಿಯವರು ‘ಅವರಿದ್ದರೆ ನಾವಿಲ್ಲ’ ಅನ್ನುತ್ತಿದ್ದಾರೆ. ಯಾರನ್ನು ಬಿಡಲಿ ಅಂತ ಕೇಳಿದ್ದೀರಿ.

ಯಾರನ್ನೂ ಬಿಡಬೇಡಿ. ಷರತ್ತು ಹಾಕಿದವರು ಬೇಕಾದರೆ ತಾವೇ ಬಿಟ್ಟು ಹೋಗಲಿ. ಗಣಪತಿ ಚಂದಾ ಎತ್ತುವಾಗ ಎದುರುಬದುರಿನ ಎರಡೂ ಬಟ್ಟೆ ಅಂಗಡಿಗೆ ಹೋಗುತ್ತೇವೆ ಅಲ್ವಾ? ಇಬ್ಬರ ಬ್ಯಾನರೂ ಪೆಂಡಾಲಿನಲ್ಲಿ ತೂಗುತ್ತದೆ. ಗಣಪತಿ ಕೈಗೆ ಮಾತ್ರ ಯಾರ ಅಂಗಡಿ ಚೀಲವನ್ನೂ ತಗುಲಿಸುವುದಿಲ್ಲ.

ಓಪನ್ ಸೋರ್ಸ್‌ಗೆ ಎದುರು ನಿಂತವರ ದುಡ್ಡು ಮುಟ್ಟಲೇಬಾರದು ಅಂತ ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಬರೆದಿದ್ದಾರೆ. 2001ರಲ್ಲಿ ಮೈಕ್ರೋಸಾಫ್ಟ್‌ನ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್, ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಅನ್ನು ಕ್ಯಾನ್ಸರ್ ಅಂದಿದ್ದರು. ಅದೇ ಮೈಕ್ರೋಸಾಫ್ಟ್ 2008ರಲ್ಲಿ ಓಪನ್ ಸೋರ್ಸ್ ಸಂಸ್ಥೆಯಾದ ಅಪಾಚೆ ಫೌಂಡೇಶನ್‌ಗೆ ವರ್ಷಕ್ಕೆ 1 ಲಕ್ಷ ಡಾಲರ್ ಕೊಡುವ ಸ್ಪಾನ್ಸರ್ ಆಯಿತು. ಅಪಾಚೆ ವೆಬ್ ಸರ್ವರ್‌ಗೂ ಮೈಕ್ರೋಸಾಫ್ಟ್‌ನ ಸ್ವಂತ ವೆಬ್ ಸರ್ವರ್ ಐಐಎಸ್‌ಗೂ ನೇರ ಪೈಪೋಟಿ ಇದ್ದ ಕಾಲ ಅದು. ಅಪಾಚೆಯವರು ದುಡ್ಡು ತಗೊಂಡರು. ಅಲ್ಲಿ ಕೋಡ್ ಬಗ್ಗೆ ಮತ ಹಾಕುವುದು ಕೆಲಸ ಮಾಡುವ ವ್ಯಕ್ತಿಗಳು, ಕಂಪನಿಗಳಲ್ಲ. ಹಾಗಾಗಿ ಸ್ಪಾನ್ಸರ್‌ಗೆ ಹೆಸರು ಸಿಕ್ಕಿತೇ ಹೊರತು ಮತ ಸಿಗಲಿಲ್ಲ.

ಈಗ ಕೆಟ್ಟ ಉದಾಹರಣೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ವರ್ಡ್‌ಕ್ಯಾಂಪ್ ನಡೆಯಿತು, ವೆಬ್‌ಸೈಟ್ ಕಟ್ಟುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಆದ ವರ್ಡ್‌ಪ್ರೆಸ್ ಬಳಸುವವರ ಸಮ್ಮೇಳನ ಅದು. ಡಬ್ಲ್ಯುಪಿ ಇಂಜಿನ್ ಎಂಬ ಹೋಸ್ಟಿಂಗ್ ಕಂಪನಿ ಅಲ್ಲಿ ಸ್ಪಾನ್ಸರ್. ಕೊನೆಯ ದಿನ ವೇದಿಕೆ ಏರಿದ ವರ್ಡ್‌ಪ್ರೆಸ್ ಸಹಸ್ಥಾಪಕ ಮ್ಯಾಟ್ ಮುಲ್ಲೆನ್‌ವೆಗ್ ಅದೇ ಕಂಪನಿಯನ್ನು ಹೆಸರು ಹಿಡಿದು ತರಾಟೆಗೆ ತೆಗೆದುಕೊಂಡರು. ಮುಲ್ಲೆನ್‌ವೆಗ್ ಆಟೊಮ್ಯಾಟಿಕ್ ಎಂಬ ಕಂಪನಿಯ ಮುಖ್ಯಸ್ಥರೂ ಹೌದು, ಆ ಕಂಪನಿಯೂ ಹೋಸ್ಟಿಂಗ್ ಮಾರುತ್ತದೆ. ಐದು ದಿನದ ಬಳಿಕ ವರ್ಡ್‌ಪ್ರೆಸ್‌ನ ಅಪ್‌ಡೇಟ್‌ಗಳು ಸಿಗುವ ತಾಣ ವರ್ಡ್‌ಪ್ರೆಸ್ ಡಾಟ್ ಆರ್ಗ್, ಡಬ್ಲ್ಯುಪಿ ಇಂಜಿನ್‌ಗೆ ಬಾಗಿಲು ಮುಚ್ಚಿತು. ಡಬ್ಲ್ಯುಪಿ ಇಂಜಿನ್ ಗ್ರಾಹಕರು ಪ್ಲಗಿನ್ (ಸೈಟಿಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಅಪ್‌ಡೇಟ್ ಸಿಗದೆ ಪರದಾಡಿದರು. ಅಕ್ಟೋಬರ್‌ನಲ್ಲಿ ಡಬ್ಲ್ಯುಪಿ ಇಂಜಿನ್ ಕೇಸು ಹಾಕಿತು, ಡಿಸೆಂಬರ್‌ನಲ್ಲಿ ಅದರ ಪರವಾಗಿ ತಾತ್ಕಾಲಿಕ ತಡೆಯಾಜ್ಞೆ ಬಂತು. ಡಬ್ಲ್ಯುಪಿ ಇಂಜಿನ್ ವರ್ಡ್‌ಪ್ರೆಸ್‌ನಿಂದ ಗಳಿಸಿದಷ್ಟು ವಾಪಸ್ ಕೊಡುತ್ತಿಲ್ಲ ಅನ್ನುವ ಮುಲ್ಲೆನ್‌ವೆಗ್ ದೂರಿನಲ್ಲಿ ಹುರುಳು ಇರಬಹುದು. ಆದರೆ ಅದನ್ನು ಚೆಕ್ ತಗೊಳ್ಳುವ ಮೊದಲು ಹೇಳಬೇಕಿತ್ತು. ತಗೊಂಡು ಅದೇ ವೇದಿಕೆಯಲ್ಲಿ ಬೈದರೆ ಉಂಡ ಮನೆಗೆ ಎರಡು ಬಗೆದ ಹಾಗೆ.

ಅದಕ್ಕೇ ನೀವು ಮೊದಲು ಒಂದು ಪುಟದ ನಿಯಮ ಬರೆದು ಇಬ್ಬರಿಗೂ ಒಂದೇ ಪ್ರತಿ ಕಳಿಸಿ. ‘ಈ ಕ್ಷೇತ್ರದಲ್ಲಿ ನಾವೊಬ್ಬರೇ’ ಅನ್ನುವ ಹಕ್ಕನ್ನು ಎಷ್ಟೇ ದುಡ್ಡಿಗೂ ಕೊಡಬೇಡಿ. ಭಾಷಣಗಳ ಆಯ್ಕೆ ಬೇರೆ ಸಮಿತಿಯದು, ದುಡ್ಡು ಕೇಳಲು ಹೋಗುವವರು ಅದರಲ್ಲಿ ಇರಬಾರದು. ಇದು ನಾನು ಪೆಟ್ಟು ತಿಂದು ಕಲಿತದ್ದು. ಒಮ್ಮೆ ಊಟದ ಖರ್ಚು ಕೊಟ್ಟ ಕಂಪನಿಯೊಂದಕ್ಕೆ ಸುಮ್ನೆ ‘ಹತ್ತು ನಿಮಿಷ ಮಾತಾಡಿ’ ಅಂದೆ. ನಲವತ್ತು ನಿಮಿಷ ಮಾತಾಡಿದರು, ಎಲ್ಲಾ ಅವರ ಬೆಲೆಪಟ್ಟಿಯೇ. ಅರ್ಧ ಸಭಾಂಗಣ ಕಾಫಿಗೆ ಎದ್ದು ಹೋಯಿತು. ಪಾಪ, ಮುಂದಿನ ಭಾಷಣ ಒಬ್ಬ ವಿದ್ಯಾರ್ಥಿಯದ್ದಿತ್ತು.

ಬಂದವರ ಬ್ಯಾಡ್ಜ್ ತೂಗುವ ಕೊರಳಪಟ್ಟಿಯ ಮೇಲೆ ಯಾರ ಲೋಗೋನೂ ಬೇಡ, ಎಲ್ಲ ಫೋಟೊದಲ್ಲೂ ಅದೇ ಕಾಣುತ್ತದೆ. ಸ್ಟಾಲ್ ಜಾಗಕ್ಕೆ ಇಬ್ಬರ ಎದುರಲ್ಲೇ ಚೀಟಿ ಎತ್ತಿ. ಬಂದವರ ಫೋನ್ ನಂಬರ್ ಪಟ್ಟಿ ಖಂಡಿತ ಕೊಡಬೇಡಿ. ಬೇಕಾದವರು ಸ್ಟಾಲಿಗೆ ಹೋಗಿ ತಾವೇ ಬರೆದು ಕೊಡಲಿ.

ದುಡ್ಡಿನ ಲೆಕ್ಕದಲ್ಲೂ ಎಚ್ಚರ. ಸ್ಪಾನ್ಸರ್‌ಶಿಪ್ ಮೇಲೆ 18% ಜಿಎಸ್‌ಟಿ ಇದೆ. ಒಪ್ಪಿದ ಮೊತ್ತ ಅದು ಸೇರಿಯೋ ಬಿಟ್ಟೋ ಅಂತ ಬರೆಸಿಕೊಳ್ಳಿ. ಟಿಡಿಎಸ್ (ದುಡ್ಡು ಕೊಡುವವರೇ ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಮುರಿದುಕೊಳ್ಳುತ್ತಾರಾ ಅಂತಲೂ ಕೇಳಿ. ಬಿಲ್ ಯಾರ ಹೆಸರಲ್ಲಿ ಅಂತ ಕಾಲೇಜಿನ ಆಡಿಟರ್ ಹತ್ತಿರ ಈಗಲೇ ಮಾತಾಡಿ. ದೊಡ್ಡ ಕಂಪನಿ ದುಡ್ಡು ಕಾರ್ಯಕ್ರಮ ಮುಗಿದು ತಿಂಗಳಾದ ಮೇಲೆ ಬರುವುದೇ ಜಾಸ್ತಿ, ಅಡುಗೆಯವರಿಗೆ ಮಾತ್ರ ಅಡ್ವಾನ್ಸ್ ಮೊದಲೇ ಬೇಕು.

ಆ ಷರತ್ತಿನವರಿಗೆ ಇವತ್ತೇ ಹೀಗೆ ಮೇಲ್ ಹಾಕಿ: ‘ನಿಮ್ಮ ಬೆಂಬಲಕ್ಕೆ ಧನ್ಯವಾದ. ನಮ್ಮಲ್ಲಿ ಯಾವ ಸ್ಪಾನ್ಸರ್‌ಗೂ ಇನ್ನೊಬ್ಬರನ್ನು ತಡೆಯುವ ಹಕ್ಕಿಲ್ಲ. ನಿಯಮ ಲಗತ್ತಿಸಿದ್ದೇವೆ. ಒಪ್ಪಿಗೆ ಇದ್ದರೆ ಬ್ಯಾನರ್ ಪ್ರಿಂಟ್‌ಗೆ ಹೋಗುವ ಮುಂಚೆ ತಿಳಿಸಿ.’ ಪ್ರಿಂಟ್‌ನ ತಾರೀಕನ್ನೂ ಅದರಲ್ಲೇ ಹಾಕಿ.