ಚೆನ್ನಾಗಿರುವಾಗ ಥೆರಪಿ ಯಾಕೆ ಮೇಡಂ?

ಪ್ರಶ್ನೆ: ನನಗೆ 46 ವರ್ಷ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹನ್ನೊಂದು ವರ್ಷದಲ್ಲಿ ಮೂರು ಸಲ ಖಿನ್ನತೆ ಬಂದುಹೋಗಿದೆ. ಈಗ ಆರಾಮಾಗಿದ್ದೇನೆ, ದಿನಕ್ಕೊಂದು ಮಾತ್ರೆ ನಡೆಯುತ್ತಿದೆ. ಮತ್ತೆ ಬರದಂತೆ ಥೆರಪಿಗೂ ಹೋಗಿ ಅಂತಾರೆ ಡಾಕ್ಟರು. ಚೆನ್ನಾಗಿರುವಾಗ ಹೋಗಿ ಏನು ಮಾತಾಡಲಿ? ಮಾತ್ರೆ ನಿಲ್ಲಿಸಬಹುದಾ?
– ಒಬ್ಬ ಓದುಗ, ತಿಪಟೂರು

ಉತ್ತರ: ಚೆನ್ನಾಗಿರುವಾಗಲೇ ಹೋಗಬೇಕು ಮೇಷ್ಟ್ರೇ. ಹೆಂಚು ಕೈಯಾಡಿಸೋದು ಮಳೆಗಾಲಕ್ಕೆ ಮುಂಚೆ ಅಲ್ವಾ?

ನನ್ನ ಹತ್ತಿರ ಬರುತ್ತಿದ್ದ ಒಬ್ಬರಿಗೆ ಖಿನ್ನತೆ ಶುರುವಾಗುತ್ತಿದ್ದುದು ಅಳುವಿನಿಂದಲ್ಲ, ದೋಸೆ ಹಿಟ್ಟಿನಿಂದ. ರುಬ್ಬೋದು ಬಿಟ್ಟು ಅಂಗಡಿ ಹಿಟ್ಟು ತರುತ್ತಿದ್ದರು. ಆಮೇಲೆ ತಂಗಿಯ ಫೋನ್ ಎತ್ತುತ್ತಿರಲಿಲ್ಲ. ಮೂರನೇ ವಾರಕ್ಕೆ ಬೆಳಗಿನ ಜಾವ 4ಕ್ಕೇ ಎಚ್ಚರ. ಇಷ್ಟನ್ನು ಹುಡುಕಲು ನಮಗೆ ನಾಲ್ಕು ಭೇಟಿ ಹಿಡಿಯಿತು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡರು. ಎರಡು ದಿನ ಫೋನ್ ಎತ್ತದಿದ್ದರೆ ತಂಗಿ ಕೇಳದೇ ಬಸ್ ಹತ್ತಿ ಬರಬೇಕು ಅಂತಲೂ ಒಪ್ಪಂದವಾಯಿತು.

ಇನ್ನೊಂದು ಕೆಲಸವಿದೆ. 'ಹುಡುಗರಿಗೆ ಮಾರ್ಕ್ಸ್ ಕಡಿಮೆ ಬಂತು' ಅನ್ನೋದು ನಿಮ್ಮ ತಲೆಯಲ್ಲಿ ಎಷ್ಟು ಬೇಗ 'ನಾನು ಪ್ರಯೋಜನಕ್ಕಿಲ್ಲ' ಆಗುತ್ತದೆ, ಗಮನಿಸಿದ್ದೀರಾ? ನಡುವಿನ ಸ್ಟೆಪ್ಪೇ ಇಲ್ಲ! ಹುಡುಗರು ಹಾಗೆ ಲೆಕ್ಕ ಮಾಡಿದರೆ ನೀವು ಬಿಡುತ್ತೀರಾ? ಆ ಜಾರುವಿಕೆಯನ್ನು ಜಾರುವಾಗಲೇ ನೋಡುವ ಅಭ್ಯಾಸಕ್ಕೆಂದೇ ಸೆಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮೂವರು ಮನಃಶಾಸ್ತ್ರಜ್ಞರು 8 ವಾರಗಳ ಎಂಬಿಸಿಟಿ (ಮೈಂಡ್‌ಫುಲ್‌ನೆಸ್ ಬೇಸ್ಡ್ ಕಾಗ್ನಿಟಿವ್ ಥೆರಪಿ) ಅನ್ನುವ ಥೆರಪಿ ರೂಪಿಸಿದರು. ಉಸಿರಿನ ಧ್ಯಾನವೂ ಅದರಲ್ಲಿದೆ. ಆದರೆ ಸುಮ್ನೆ ಕಣ್ಣು ಮುಚ್ಚಿ ಕೂರೋದಷ್ಟೇ ಅಲ್ಲ, ಮನೆಗೆ ಹೋಂವರ್ಕ್ ಕೊಡುತ್ತಾರೆ.

ಮಂತ್ರದಂಡ ಅಂದುಕೊಳ್ಳಬೇಡಿ. ಮೂರು ಅಥವಾ ಜಾಸ್ತಿ ಸಲ ಖಿನ್ನತೆ ಬಂದಿದ್ದ 424 ಜನರ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಎರಡು ವರ್ಷದೊಳಗೆ ಖಿನ್ನತೆ ಮರಳಿದ್ದು ಎಂಬಿಸಿಟಿ ಗುಂಪಿನಲ್ಲಿ ನೂರಕ್ಕೆ 44 ಜನರಿಗೆ, ಮಾತ್ರೆ ಮುಂದುವರಿಸಿದವರಲ್ಲಿ 47. ಹೆಚ್ಚುಕಮ್ಮಿ ಸಮ. ಎಂಬಿಸಿಟಿ ಗುಂಪಿನವರು ಮಾತ್ರೆ ಇಳಿಸಿದ್ದೂ ಡಾಕ್ಟರ ಜೊತೆಗೂಡಿ, ಹಂತಹಂತವಾಗಿ. ನೀವೂ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಪರೀಕ್ಷೆ, ಮೌಲ್ಯಮಾಪನದ ತಿಂಗಳಲ್ಲಂತೂ ಆ ಮಾತೇ ಬೇಡ.

ನಡುವೆ ಸಾಯುವ ಯೋಚನೆ ಸುಳಿದರೆ ಅಂದೇ ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಏನು ಮಾತಾಡಲಿ ಅಂದಿರಲ್ಲ, ಮೂರನೇ ಸಲ ಬೀಳುವ ಮುಂಚಿನ ಎರಡು ತಿಂಗಳ ನಿಮ್ಮ ರಜೆ ಲೆಕ್ಕ ತೆಗೆದುಕೊಂಡು ಹೋಗಿ. ಸಾಧ್ಯವಾದರೆ ಮನೆಯವರನ್ನೂ ಕರೆದೊಯ್ಯಿರಿ. ನಿಮಗಿಂತ ಮೊದಲು ಅವರಿಗೆ ಗೊತ್ತಾಗಿರುತ್ತದೆ.