ಐಫೋನ್ 11 ಇನ್ನೂ ನಡೆಯುತ್ತಾ, ಇಲ್ಲ ಇಎಂಐ ಹಾಕಿ 17 ತಗೊಳ್ಳೋದಾ?

ನೀವು ಕೇಳಿರೋದು ಇಷ್ಟು: 2020ರಲ್ಲಿ ತಗೊಂಡ 64 ಜಿಬಿ ಐಫೋನ್ 11 ಇದೆ, ಇತ್ತೀಚೆಗೆ ನಿಧಾನ ಆಗಿದೆ, ಸಂಜೆ ಆಗೋದ್ರೊಳಗೆ ಚಾರ್ಜ್ ಖಾಲಿ, ಆಫೀಸಲ್ಲಿ ಎಲ್ಲರ ಕೈಲೂ ಹೊಸ ಫೋನು, ಈಗ ಇಎಂಐ ಹಾಕಿ 17 ತಗೊಳ್ಳೋದಾ ಇಲ್ಲ ಇದ್ರಲ್ಲೇ ಇನ್ನೊಂದೆರಡು ವರ್ಷ ತಳ್ಳೋದಾ ಅಂತ. ನನ್ನ ಹತ್ರ ಇರೋದೂ ಅದೇ ಫೋನು, ಅದೇ 64 ಜಿಬಿ, ಇದನ್ನ ಟೈಪ್ ಮಾಡ್ತಿರೋದೂ ಅದ್ರಲ್ಲೇ. ನನ್ನ ಮಾತು ಕೇಳೋದಾದ್ರೆ ತಳ್ಳಿ. ಆದ್ರೆ ಈಗಿರೋ ಹಾಗೇ ಅಲ್ಲ, ಮೊದ್ಲು ಬ್ಯಾಟರಿ ಬದಲಾಯಿಸಿ, ಆಮೇಲೂ ಬೇಜಾರಾದ್ರೆ 17ರ ಯೋಚನೆ ಮಾಡಿ.

ಯಾಕಂದ್ರೆ ಈ ಫೋನಲ್ಲಿ ಮುದುಕಾಗಿರೋದು ಚಿಪ್ ಅಲ್ಲ. 2019ರ ಸೆಪ್ಟೆಂಬರಲ್ಲಿ ಬಂದಾಗ ಇದ್ರೊಳಗಿನ ಎ13 ಅವತ್ತಿನ ಕೆಲಸಕ್ಕೆ ಅತಿಯಾಗಿತ್ತು, ಆ ಅತಿಯಾಗಿದ್ದೇ ಈಗ ನಮ್ಮನ್ನ ಕಾಯ್ತಿದೆ. ವಾಟ್ಸಾಪ್, ಯುಪಿಐ, ಬ್ಯಾಂಕ್ ಆ್ಯಪು, ಮ್ಯಾಪು, ಯೂಟ್ಯೂಬು ಇವಕ್ಕೆಲ್ಲ ಧಾರಾಳವಾಗಿ ಸಾಕು. 17ರಲ್ಲಿ ಎ19 ಇದೆ, 8 ಜಿಬಿ ರ‍್ಯಾಮ್ ಇದೆ, ನಮ್ಮದ್ರಲ್ಲಿ 4 ಜಿಬಿ. ಆ ವ್ಯತ್ಯಾಸ ಗೊತ್ತಾಗೋದು ಒಂದೇ ಕಡೆ, ನಾಲ್ಕೈದು ಆ್ಯಪ್ ತೆಗೆದು ಸುತ್ತಾಡಿ ಮೊದಲನೇದಕ್ಕೆ ವಾಪಸ್ ಬಂದ್ರೆ ಅದು ಮತ್ತೆ ಮೊದಲಿಂದ ಲೋಡ್ ಆಗುತ್ತೆ, ಅರ್ಧ ತುಂಬಿದ ರೈಲು ಬುಕಿಂಗ್ ಫಾರ್ಮ್ ಮಾಯ. ಸಿಟ್ಟು ಬರುತ್ತೆ ನಿಜ, ಎಂಬತ್ತು ಸಾವಿರದಷ್ಟು ಸಿಟ್ಟಲ್ಲ.

ನಿಧಾನ ಆಗಿದೆ ಅಂದ್ರಲ್ಲ, ಅದು ಬಹುತೇಕ ಬ್ಯಾಟರಿ ಕಥೆ. ಸೆಟ್ಟಿಂಗ್ಸಲ್ಲಿ ಬ್ಯಾಟರಿ ಒಳಗೆ ಹೋಗಿ ಬ್ಯಾಟರಿ ಹೆಲ್ತ್ ನೋಡಿ. ಈ ಕಾಲದ ಐಫೋನ್ ಬ್ಯಾಟರಿಗಳನ್ನ 500 ಸಲ ಪೂರ್ತಿ ಚಾರ್ಜ್ ಆದ್ಮೇಲೂ 80 ಪರ್ಸೆಂಟ್ ಉಳೀಬೇಕು ಅನ್ನೋ ಲೆಕ್ಕದಲ್ಲಿ ಮಾಡಿರೋದು, ದಿನಾ ಒಂದು ಚಾರ್ಜ್ ಅಂದ್ರೂ 500 ಅನ್ನೋದು ಒಂದೂವರೆ ವರ್ಷಕ್ಕೆ ಸ್ವಲ್ಪ ಕಮ್ಮಿ, ನಿಮ್ಮದು ಐದು ವರ್ಷ ದಾಟಿದೆ. ಸೋತ ಬ್ಯಾಟರಿಗೆ ಒಮ್ಮೆಲೇ ಜೋರು ಕರೆಂಟ್ ಕೊಡೋಕೆ ಆಗಲ್ಲ, ಹಾಗೆ ಕೇಳಿದಾಗ ಫೋನು ದಪ್ ಅಂತ ಆಫ್ ಆಗ್ಬಹುದು, ಹಾಗಾಗದೇ ಇರ್ಲಿ ಅಂತ ಐಓಎಸ್, ಅಂದ್ರೆ ಫೋನನ್ನ ನಡೆಸೋ ಸಾಫ್ಟ್‌ವೇರ್, ಚಿಪ್‌ನ ವೇಗಾನೇ ಇಳಿಸಿಬಿಡುತ್ತೆ. ನಾವು ಫೋನ್ ಹಳೇದಾಯ್ತು ಅಂತೀವಿ, ಪಾಪ ಅದಕ್ಕೆ ಹೊಟ್ಟೆಗಿಲ್ಲ ಅಷ್ಟೆ.

ನಾನು ಇದ್ರಲ್ಲಿ ಒಂದು ತಪ್ಪು ಮಾಡಿದೀನಿ, ನೀವು ಮಾಡ್ಬೇಡಿ. ಮೊದಲನೇ ಸಲ ಬಸ್‌ಸ್ಟ್ಯಾಂಡ್ ಹತ್ರ ಒಂದು ಸಣ್ಣ ಅಂಗಡೀಲಿ ಬ್ಯಾಟರಿ ಹಾಕಿಸ್ದೆ, ಅರ್ಧ ಗಂಟೆ ಕೆಲಸ, ದುಡ್ಡೂ ಕಮ್ಮಿ, ಖುಷಿಯಾಗಿ ಮನೆಗೆ ಬಂದೆ. ಮಾರನೇ ದಿನದಿಂದ ಇದು ಅಸಲಿ ಬ್ಯಾಟರಿ ಹೌದೋ ಅಲ್ವೋ ಗೊತ್ತಾಗ್ತಿಲ್ಲ ಅಂತ ಫೋನೇ ಮೆಸೇಜ್ ತೋರ್ಸೋಕೆ ಶುರು ಮಾಡ್ತು, ತಲೆ ಕೆಡಿಸ್ಕೊಳ್ಳಲಿಲ್ಲ. ಏಳು ತಿಂಗಳಾದ್ಮೇಲೆ ಒಂದು ದಿನ ಆಯಿ ಫೋನ್ ತಿರುಗಿಸಿ ನೋಡಿ "ಇದ್ರ ಬಾಯಿ ಬಿಟ್ಟಿದ್ಯಲ್ಲೋ" ಅಂದ್ಳು, ನೋಡಿದ್ರೆ ಸ್ಕ್ರೀನ್ ಒಂದು ಅಂಚಲ್ಲಿ ಎದ್ದಿದೆ, ಸಂದಿಯಲ್ಲಿ ಉಗುರು ಹೋಗ್ತಿತ್ತು. ಬ್ಯಾಟರಿ ಉಬ್ಬಿತ್ತು. ಆಗ ಸುಮ್ನೆ ಅಧಿಕೃತ ಸರ್ವೀಸ್ ಸೆಂಟರಿಗೇ ಹೋದೆ, ಹೊಸ ಫೋನಿನ ಬೆಲೆಯ ಹತ್ತನೇ ಒಂದು ಭಾಗದಷ್ಟು ಖರ್ಚಾಯ್ತು, ಅವತ್ತಿಂದ ಇವತ್ತಿನವರೆಗೆ ರಾತ್ರಿ ಮಲಗೋವರೆಗೂ ಚಾರ್ಜ್ ಇರುತ್ತೆ. ಒಂದ್ಸಲ ಬಿಚ್ಚಿದ ಫೋನಿನ ನೀರು ತಡೆಯೋ ಗುಣ ಮಾತ್ರ ನಂಬ್ಬೇಡಿ, ಮಳೇಲಿ ಪ್ಲಾಸ್ಟಿಕ್ ಕೊಟ್ಟೆಯೇ ಗತಿ. ಹಾಂ, ಡಬ್ಬೀಲಿ ಬಂದ 5 ವಾಟ್‌ನ ಪುಟಾಣಿ ಚಾರ್ಜರೇ ಇನ್ನೂ ಬಳಸ್ತಿದ್ರೆ ಅದನ್ನ ಮಕ್ಕಳ ಆಟಕ್ಕೆ ಕೊಡಿ, ಈ ಫೋನು 18 ವಾಟ್ ತಗೊಳುತ್ತೆ, ಅರ್ಧ ಗಂಟೇಲಿ ಅರ್ಧ ತುಂಬುತ್ತೆ.

ಬ್ಯಾಟರಿ ಆದ್ಮೇಲೆ ನಿಜವಾದ ತಲೆನೋವು ಅಂದ್ರೆ ಆ 64 ಜಿಬಿ. ನನಗೆ ಯಕ್ಷಗಾನದ ಹುಚ್ಚು, ಸಿದ್ದಾಪುರ, ಶಿರಸಿ ಕಡೆ ಎಲ್ಲಿ ಆಟ ಇದ್ರೂ ಹೋಗಿ ಒಂದಿಷ್ಟು ರೆಕಾರ್ಡ್ ಮಾಡ್ಕೊಂಡು ಬರ್ತೀನಿ. ಒಂದ್ಸಲ 8 ಜಿಬಿ ಖಾಲಿ ಇಟ್ಕೊಂಡು 4ಕೆಲಿ, ಅಂದ್ರೆ ಅತಿ ಸ್ಪಷ್ಟ ವಿಡಿಯೋದಲ್ಲಿ, ಶುರು ಮಾಡ್ದೆ. ಸೆಕೆಂಡಿಗೆ 30 ಫ್ರೇಮಿನ 4ಕೆ ಅಂದ್ರೆ ನಿಮಿಷಕ್ಕೆ ಸುಮಾರು 170 ಎಂಬಿ, ಲೆಕ್ಕ ಹಾಕಿದ್ರೆ ಮುಕ್ಕಾಲು ಗಂಟೆ ಅಷ್ಟೆ, ಆಟ ನಡೆಯೋದು ಬೆಳಗಿನವರೆಗೆ! ಸರಿಯಾಗಿ ರಾಕ್ಷಸ ವೇಷದ ಪ್ರವೇಶ, ಚಂಡೆ ಏರ್ತಾ ಇದೆ, ದೊಂದಿಗೆ ರಾಳ ಎರಚಿ ಭಗ್ ಅಂತ ಬೆಂಕಿ ಎದ್ದಿದೆ, ನನ್ನ ಫೋನು ಜಾಗ ಇಲ್ಲ ಅಂತ ನಿಂತ್ಬಿಡ್ತು. ಇಡೀ ಸಭೆ ರಂಗಸ್ಥಳ ನೋಡ್ತಿದ್ರೆ ನಾನೊಬ್ಬ ತಲೆ ಬಗ್ಗಿಸ್ಕೊಂಡು ಫ್ಯಾಮಿಲಿ ಗ್ರೂಪಿನ ಶುಭೋದಯದ ಗುಲಾಬಿ ಹೂಗಳನ್ನ ಒಂದೊಂದಾಗಿ ಅಳಿಸ್ತಾ ಕೂತಿದ್ದೆ.

ಅದಾದ್ಮೇಲೆ ಬುದ್ಧಿ ಬಂತು, ಈಗ ಅದಕ್ಕಿಂತ ಕಮ್ಮಿ ಸ್ಪಷ್ಟತೆಯ 1080ರಲ್ಲೇ ತೆಗೀತೀನಿ, ನಿಮಿಷಕ್ಕೆ 60 ಎಂಬಿ, ಅದೇ 8 ಜಿಬೀಲಿ ಎರಡು ಗಂಟೆ ಮೇಲೆ ಬರುತ್ತೆ, ಫೋನಲ್ಲಿ ನೋಡೋರಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಕ್ಯಾಮೆರಾ ಸೆಟ್ಟಿಂಗ್ಸಲ್ಲಿ ರೆಕಾರ್ಡ್ ವಿಡಿಯೋ ಒಳಗೆ ಪಾಲ್ ಫಾರ್ಮ್ಯಾಟ್ ಅಂತ ಒಂದು ಸ್ವಿಚ್ ಇದೆ, ಅದನ್ನ ಆನ್ ಮಾಡಿದ್ರೆ 25 ಫ್ರೇಮ್ ಸಿಗುತ್ತೆ. ನಮ್ಮ ಕರೆಂಟು 50 ಹರ್ಟ್ಸ್, 30 ಫ್ರೇಮಲ್ಲಿ ತೆಗೆದ್ರೆ ಕೆಲವು ಎಲ್‌ಇಡಿ ಲೈಟ್ ಕೆಳಗೆ ವಿಡಿಯೋದಲ್ಲಿ ಕಪ್ಪು ಪಟ್ಟಿ ಓಡುತ್ತಲ್ಲ, 25ರಲ್ಲಿ ಅದು ಬಹಳ ಕಮ್ಮಿ ಆಗುತ್ತೆ. ಎರಡು ವರ್ಷ ನಾನು ಕ್ಯಾಮೆರಾ ಹಾಳಾಗಿದೆ ಅಂತಾನೇ ಅಂದ್ಕೊಂಡಿದ್ದೆ.

ಈಗ ಹೊಸದ್ರ ವಿಷಯಕ್ಕೆ ಬರ್ತೀನಿ, ಹೊಟ್ಟೆಕಿಚ್ಚಿಲ್ಲದೇ. ನಮ್ಮ ಭಾವ ಬೆಂಗಳೂರಿಂದ 17 ತಗೊಂಡು ಬಂದಿದ್ದ, 256 ಜಿಬಿ, 82,900 ರೂಪಾಯಿ. ಒಂದೇ ಆಟಕ್ಕೆ ಇಬ್ರೂ ಪಕ್ಕಪಕ್ಕ ಕೂತು ತೆಗೆದ್ವಿ. ಸಾಮಾನ್ಯ ಬೆಳಕಲ್ಲಿ, ನೇರ ಕ್ಯಾಮೆರಾದಲ್ಲಿ, ಯಾವುದು ಯಾರ ಫೋಟೋ ಅಂತ ನಮಗೇ ಗುರುತು ಹತ್ತಲಿಲ್ಲ. ಆಮೇಲೆ ಚೌಕಿಗೆ, ಅಂದ್ರೆ ಕಲಾವಿದರು ಬಣ್ಣ ಹಚ್ಕೊಳ್ಳೋ ಜಾಗಕ್ಕೆ, ಹೋದ್ವಿ, ಮಂದ ಬೆಳಕಲ್ಲಿ ವೇಷ ಕಟ್ತಾ ಇದ್ರು, ಜಾಗ ಇಕ್ಕಟ್ಟು, ಅಗಲದ ಲೆನ್ಸ್ ಹಾಕಲೇಬೇಕು. ಅಲ್ಲಿ ನಂದು ಸೋತೇ ಹೋಯ್ತು. 11ರಲ್ಲಿ ನೈಟ್ ಮೋಡ್ ಇರೋದು ಮುಖ್ಯ ಕ್ಯಾಮೆರಾಕ್ಕೆ ಮಾತ್ರ, ಅಗಲದ ಲೆನ್ಸಿಗೆ, ಅಂದ್ರೆ ಅಲ್ಟ್ರಾವೈಡಿಗೆ, ಇಲ್ಲ, ಹಾಗಾಗಿ ನನ್ನ ಫೋಟೋದಲ್ಲಿ ಮೂಲೇಲಿ ಕೂತ ವೇಷಧಾರಿ ಬರೀ ಕೆಂಪು ಗುಡ್ಡೆ, ಭಾವಂದ್ರಲ್ಲಿ ಕೆನ್ನೆ ಮೇಲಿನ ಚುಟ್ಟಿಯ ಒಂದೊಂದು ಚುಕ್ಕೆ ಎಣಿಸಬಹುದು. ಹತ್ತಿರದಿಂದ ಸಣ್ಣ ವಸ್ತು ತೆಗೆಯೋ ಮ್ಯಾಕ್ರೋನೂ ನಮಗಿಲ್ಲ.

ಸ್ಕ್ರೀನ್ ಬಗ್ಗೆ ಜಾಸ್ತಿ ಹೇಳಲ್ಲ. ನಮ್ಮದು ಎಲ್‌ಸಿಡಿ, 60 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುತ್ತೆ, ಅವಂದು ಓಎಲ್‌ಇಡಿ, 120. ಅವನ ಫೋನಲ್ಲಿ ಹತ್ತು ನಿಮಿಷ ಸ್ಕ್ರೋಲ್ ಮಾಡಿ ವಾಪಸ್ ಬಂದ್ರೆ ನಂದು ಗುದ್ದಲಿ ಹಿಡಿದಂಗೆ ಅನ್ಸುತ್ತೆ, ಎರಡು ದಿನಕ್ಕೆ ಮರ್ತು ಹೋಗುತ್ತೆ. ಮರೀದೇ ಇರೋದು ಬಿಸಿಲಿನದು, ಅಡಿಕೆ ಹರವಿದ ಅಂಗಳದಲ್ಲಿ ಮಧ್ಯಾಹ್ನ ನಿಂತು ನನ್ನ ಫೋನಲ್ಲಿ ನಂಬರ್ ಹುಡುಕಬೇಕು ಅಂದ್ರೆ ಪಂಚೆ ಮರೆ ಮಾಡ್ಕೋಬೇಕು. ನಿಮ್ಮದು ಆಫೀಸ್ ಕೆಲಸ, ನಿಮಗದು ತಟ್ಟಲ್ಲ.

5ಜಿ ಇಲ್ಲ, ಅದು ನಿಜವಾದ ಕೊರತೆ, ಅದೂ ನಿಮ್ಮಂಥ ಪೇಟೆಯವರಿಗೆ. ವೇಗಕ್ಕಿಂತ ಪ್ಲಾನಿನ ಲೆಕ್ಕ ನೋಡಿ, ಜಿಯೋ, ಏರ್‌ಟೆಲ್ ಎರಡ್ರಲ್ಲೂ ದಿನಕ್ಕೆ 2 ಜಿಬಿ ಕೊಡೋ ಪ್ಲಾನ್ ಹಾಕಿದ್ರೆ 5ಜಿ ಫೋನಿನವರಿಗೆ ಲೆಕ್ಕವಿಲ್ಲದ ಡೇಟಾ, ನಾವು ಅದೇ ದುಡ್ಡು ಕೊಟ್ಟು 2 ಜಿಬಿಗೆ ಕೈಮುಗೀತೀವಿ. ಮನೇಲೂ ಆಫೀಸಲ್ಲೂ ವೈಫೈ ಇದ್ರೆ ಬಿಡಿ, ಮೊಬೈಲ್ ಹಾಟ್‌ಸ್ಪಾಟಲ್ಲೇ ಲ್ಯಾಪ್‌ಟಾಪ್ ನಡೆಸೋರಾದ್ರೆ ಮಾತ್ರ ಈ ಒಂದು ಕಾರಣಕ್ಕೇ ಬದಲಾಯಿಸಿ ಅಂತೀನಿ. ನಮ್ಮೂರಲ್ಲಂತೂ 4ಜಿನೇ ಜಗಲಿಯ ಕಂಬದ ಹತ್ರ ನಿಂತ್ರೆ ಮಾತ್ರ, ಭಾವನ 17 ಕೂಡ ಅದೇ ಕಂಬಕ್ಕೆ ಒರಗಿ ನಿಂತಿತ್ತು, ನೋಡಿ ಒಂಥರಾ ಸಮಾಧಾನ ಆಯ್ತು ಅನ್ನಿ.

ಅಪ್‌ಡೇಟ್ ವಿಷಯಕ್ಕೆ ಬಂದ್ರೆ, ಐಓಎಸ್ 13ರ ಜೊತೆ ಬಂದ ಫೋನಿಗೆ 2025ರ ಸೆಪ್ಟೆಂಬರಲ್ಲಿ ಐಓಎಸ್ 26 ಕೂಡ ಸಿಕ್ತು. ಅದೇ ವರ್ಷ ಬಂದ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಿಗೆ ಅಪ್‌ಡೇಟ್ ನಿಂತು ವರ್ಷಗಳೇ ಆದ್ವು. ಆದ್ರೆ 26ರಲ್ಲಿ ನಮ್ಮದಕ್ಕಿಂತ ಹಳೇ ಐಫೋನುಗಳಾದ ಎಕ್ಸ್‌ಆರ್, ಎಕ್ಸ್‌ಎಸ್ ಎರಡನ್ನೂ ಕೈಬಿಟ್ರು, ಈಗ ಪಟ್ಟಿಯ ಕೊನೇ ಮೆಟ್ಟಿಲಲ್ಲಿ ಕೂತಿರೋದು ನಮ್ಮ 11 ಮತ್ತು ಎರಡನೇ ತಲೆಮಾರಿನ ಎಸ್‌ಇ. ಕೈಬಿಟ್ಟ ತಕ್ಷಣ ಫೋನ್ ಸಾಯಲ್ಲ, ಎಕ್ಸ್‌ಆರ್‌ನವರಿಗೆ ಹಳೇ ಐಓಎಸ್ 18ರಲ್ಲೇ ಸೆಕ್ಯುರಿಟಿ ಪ್ಯಾಚ್ ಬಂದಿದೆ. 26ರ ಆ ಗಾಜಿನಂಥ ಹೊಸ ಡಿಸೈನ್ ಹಾಕಿದ್ಮೇಲೆ ನಂದು ಒಂದು ವಾರ ಬಿಸಿಯಾಗಿ ಎಳೀತಾ ಇತ್ತು, ಆಕ್ಸೆಸಿಬಿಲಿಟೀಲಿ ರೆಡ್ಯೂಸ್ ಟ್ರಾನ್ಸ್‌ಪರೆನ್ಸಿ ಆನ್ ಮಾಡ್ಕೊಂಡೆ, ಕಣ್ಣಿಗೂ ಹಿತ ಆಯ್ತು.

ಹಾಗಾಗಿ ಮೊದ್ಲು ಅಸಲಿ ಬ್ಯಾಟರಿ ಹಾಕಿಸಿ, ಫೋಟೋಗಳನ್ನ ಲ್ಯಾಪ್‌ಟಾಪಿಗೆ ಇಳಿಸಿ ಒಂದು 15 ಜಿಬಿ ಖಾಲಿ ಮಾಡಿ, ಎರಡು ತಿಂಗಳು ಬಳಸಿ ನೋಡಿ. ಆಮೇಲೂ ನಿಧಾನ ಅನ್ಸಿದ್ರೆ ಆಗ ಇಎಂಐ ಬಗ್ಗೆ ಕೇಳಿ. ನಾನಂತೂ ಸದ್ಯಕ್ಕೆ ಬದಲಾಯ್ಸಲ್ಲ, ಮುಂದಿನ ಆಟಕ್ಕೆ ಚೌಕಿ ಫೋಟೋ ತೆಗೆಯೋ ಕೆಲಸ ಭಾವಂಗೆ ಒಪ್ಪಿಸಿದೀನಿ.